ಬರೆಯುವುದೊಂದು, ಉಚ್ಚರಿಸುವುದೊಂದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ನಾನು, ಸಾಲ ಎಂಬರ್ಥದ ಇಂಗ್ಲಿಷ್ ಪದವನ್ನು ‘ಡೆಬ್ಟ್’ ಎಂದೇ ಹೇಳುತ್ತ ಬಂದವನು. ಪಿಯುಸಿಯಲ್ಲಿ ವಾಣಿಜ್ಯ ಓದುತ್ತಿರುವ ಮಗಳು ಅದು ‘ಡೆಟ್’ ಎನ್ನುತ್ತಾಳೆ. ಯಾವುದು ಸರಿ? ಉಚ್ಚರಿಸದ ‘ಬಿ’ ಅಕ್ಷರವನ್ನು ಬರೆಯುವುದಾದರೂ ಏಕೆ?
– ಶಿರಸಿಯ ಓದುಗರು

ಉತ್ತರ: ನಿಮ್ಮ ಮಗಳು ಹೇಳುವುದೇ ಸರಿ. ಆದರೆ ನಿಮ್ಮ ಎರಡನೆಯ ಪ್ರಶ್ನೆಯನ್ನು ಹೆಚ್ಚು ಜನ ಕೇಳಬೇಕಿತ್ತು. ಉಚ್ಚಾರವಿಲ್ಲದ ಅಕ್ಷರವನ್ನು ಕಂಡಾಗ, ಹಿಂದೆ ಅದನ್ನು ಉಚ್ಚರಿಸುತ್ತಿದ್ದರು, ಬರಬರುತ್ತ ಕೈಬಿಟ್ಟರು ಎಂದು ನಾವು ಊಹಿಸುತ್ತೇವೆ. ‘ನೈಫ್’ ಪದದ ಮೊದಲಿನ ‘ಕೆ’ಯ ಮಟ್ಟಿಗೆ ಅದು ನಿಜ. ‘ಡೆಟ್’ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಫ್ರೆಂಚಿನಿಂದ ಬಂದ ಈ ಪದವನ್ನು ಇಂಗ್ಲಿಷರು ಮೊದಲು ‘ಬಿ’ ಇಲ್ಲದೆಯೇ ಬರೆಯುತ್ತಿದ್ದರು; ಇದರ ಮೂಲವು ‘ಕೊಡಬೇಕಾದದ್ದು’ ಎಂಬರ್ಥದ ಲ್ಯಾಟಿನ್ ಪದ ‘ಡೆಬಿಟುಮ್’ ಎಂಬುದನ್ನು ಬರಹದಲ್ಲಿ ತೋರಿಸಬಯಸಿದ ವಿದ್ವಾಂಸರು ಸುಮಾರು 15–16ನೆಯ ಶತಮಾನಗಳಲ್ಲಿ ನಡುವೆ ‘ಬಿ’ಯನ್ನು ತಂದು ಕೂರಿಸಿದರು. ಅದು ಕಾಗದದ ಮೇಲೆ ಉಳಿಯಿತೇ ಹೊರತು ಜನರ ನಾಲಿಗೆಗೆ ಹತ್ತಲಿಲ್ಲ. ನೀವು ದಿನವೂ ಬರೆದ ‘ಡೆಬಿಟ್’ ಅದೇ ಲ್ಯಾಟಿನ್ ಪದದ ಮಗು. ಅಲ್ಲಿ ಮಾತ್ರ ‘ಬಿ’ ಸ್ಪಷ್ಟವಾಗಿ ಕೇಳಿಸುತ್ತದೆ.

‘ರಿಸೀಟ್’ ಪದದೊಳಗಿನ ‘ಪಿ’ ಕೂಡ ಹೀಗೆಯೇ ಸೇರಿದ್ದು. ವಂಚನೆ ಎಂಬರ್ಥದ ‘ಡಿಸೀಟ್’ ಅದೇ ಕುಟುಂಬದ್ದಾದರೂ ಅದಕ್ಕೆ ‘ಪಿ’ ದಕ್ಕಲಿಲ್ಲ. ಹೀಗಿರುವಾಗ ಮಕ್ಕಳು ಇಂಗ್ಲಿಷ್ ಕಾಗುಣಿತದಲ್ಲಿ ಎಡವಿದರೆ ಅವರನ್ನು ಗದರುವುದು ಅನ್ಯಾಯವೆಂದು ನಾನು ಭಾವಿಸುತ್ತೇನೆ. ಅಂದಹಾಗೆ, ನಮ್ಮ ‘ರಸೀದಿ’ಯು ‘ರಿಸೀಟ್’ನಿಂದ ಬಂದದ್ದಲ್ಲ, ಅದು ‘ತಲುಪಿತು’ ಎಂಬರ್ಥದ ಪಾರಸಿ ಪದ ‘ರಸೀದ್’ನಿಂದ ಬಂದದ್ದು.

ದ್ವೀಪ ಎಂಬರ್ಥದ ‘ಐಲೆಂಡ್’ನಲ್ಲಿಯಂತೂ ಆದದ್ದು ಶುದ್ಧ ಪ್ರಮಾದ. ಅದು ಹಳೆಯ ಇಂಗ್ಲಿಷಿನದೇ ಪದ, ಅದರಲ್ಲಿ ‘ಎಸ್’ ಇರಲೇ ಇಲ್ಲ. ಲ್ಯಾಟಿನ್ನಿನ ‘ಇನ್ಸುಲ’ದಿಂದ ಫ್ರೆಂಚಿನ ಮೂಲಕ ಬಂದ, ದ್ವೀಪ ಎಂಬರ್ಥವೇ ಇರುವ ‘ಐಲ್’ ಎಂಬ ಬೇರೆಯೇ ಪದಕ್ಕೆ ಇದನ್ನು ಸಂಬಂಧಿಯೆಂದು ತಿಳಿದು ‘ಎಸ್’ ಸೇರಿಸಿಬಿಟ್ಟರು.

ಪ್ರಶ್ನೆ: ಸೇನಾಧಿಕಾರಿಯ ಪದವಿಯನ್ನು ‘ಕೊಲೊನೆಲ್’ ಎಂಬಂತೆ ಬರೆದು ‘ಕರ್ನಲ್’ ಎನ್ನುವುದೇಕೆ? ಇಲ್ಲದ ‘ರ’ ಎಲ್ಲಿಂದ ಬಂತು?
– ಮಡಿಕೇರಿಯ ಓದುಗರು

ಉತ್ತರ: ಈ ಪದ ಹುಟ್ಟಿದ್ದು ಇಟಲಿಯಲ್ಲಿ, ಸೈನಿಕರ ಸಾಲನ್ನು ಮುನ್ನಡೆಸುವವನೆಂಬ ಅರ್ಥದಲ್ಲಿ. ಇಟಲಿಯ ‘ಕೊಲೊನ್ನೆಲ್ಲೊ’ದಲ್ಲಿ ಲಕಾರಗಳು ಒಂದರ ಹಿಂದೊಂದು ಬರುವುದರಿಂದ ಫ್ರೆಂಚರು ಮೊದಲ ಲಕಾರವನ್ನು ರಕಾರ ಮಾಡಿಕೊಂಡು ‘ಕೊರೊನೆಲ್’ ಎಂದರು. ‘ರಲಯೋರಭೇದಃ’, ಅಂದರೆ ರ–ಲಗಳ ನಡುವೆ ಭೇದವಿಲ್ಲ ಎಂಬ ಮಾತನ್ನು ಕೇಳಿರುವ ನಮಗೆ ಇದು ವಿಚಿತ್ರವೆನಿಸದು. 16ನೆಯ ಶತಮಾನದಲ್ಲಿ ಇಂಗ್ಲಿಷರು ರಕಾರದ ರೂಪವನ್ನೇ ಎರವಲು ಪಡೆದರು. ಬಳಿಕ ಬರಹವನ್ನು ಮಾತ್ರ ಇಟಲಿಯ ರೂಪಕ್ಕೆ ತಿದ್ದಿಕೊಂಡರು. ಮಾತು ಹಳೆಯ ದಾರಿಯಲ್ಲೇ ನಡೆಯಿತು. ನಮ್ಮ ಪತ್ರಿಕೆಗಳು ‘ಕರ್ನಲ್’ ಎಂದು ಬರೆಯುವುದು ಸರಿಯಾಗಿಯೇ ಇದೆ.

ಪ್ರಶ್ನೆ: ಉಚ್ಚಾರಣೆ ಎಂಬುದಕ್ಕಿರುವ ಇಂಗ್ಲಿಷ್ ಪದವನ್ನೇ ಹೇಗೆ ಉಚ್ಚರಿಸಬೇಕು?
– ತುಮಕೂರಿನ ಓದುಗರು

ಉತ್ತರ: ಕ್ರಿಯಾಪದವನ್ನು ‘ಪ್ರೊನೌನ್ಸ್’ ಎನ್ನಬೇಕು, ನಾಮಪದವನ್ನು ‘ಪ್ರೊನನ್ಸಿಯೇಷನ್’ ಎನ್ನಬೇಕು. ನಾಮಪದದಲ್ಲಿ ‘ನೌ’ ಇಲ್ಲ, ಬರೆಯುವಾಗಲೂ ಆ ಜಾಗದಲ್ಲಿ, ಅಂದರೆ ‘ಎನ್’ ಮತ್ತು ‘ಯು’ಗಳ ನಡುವೆ, ‘ಒ’ ಅಕ್ಷರ ಬರುವುದಿಲ್ಲ.

ಪ್ರಶ್ನೆ: ಮೊದಲ ಮಳೆ ಬಿದ್ದಾಗ ಏಳುವ ವಾಸನೆಗೆ ಇಂಗ್ಲಿಷಿನಲ್ಲಿ ‘ಪೆಟ್ರಿಚೋರ್’ ಎಂಬ ಪದವಿದೆಯಂತೆ. ಇದು ಹಳೆಯ ಪದವೇ? ಕನ್ನಡದಲ್ಲಿ ಏನೆಂದು ಬರೆಯಲಿ?
– ಧಾರವಾಡದ ಓದುಗರು

ಉತ್ತರ: ಅದು ‘ಪೆಟ್ರಿಕೋರ್’. ಗ್ರೀಕ್ ಮೂಲದ ಪದಗಳಲ್ಲಿ ‘ಸಿ’ ಮತ್ತು ‘ಎಚ್’ ಜೊತೆಯಾಗಿ ಬಂದರೆ ಸಾಮಾನ್ಯವಾಗಿ ಕಕಾರದ ಧ್ವನಿ. ‘ಕೆಮಿಸ್ಟ್ರಿ’, ‘ಆರ್ಕಿಟೆಕ್ಟ್’ ಪದಗಳನ್ನು ನೆನೆಯಿರಿ. ಪದ ಹಳೆಯದಲ್ಲ. ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು 1964ರಲ್ಲಿ ‘ನೇಚರ್’ ಪತ್ರಿಕೆಯ ಲೇಖನದಲ್ಲಿ, ಕಲ್ಲು ಎಂಬರ್ಥದ ‘ಪೆಟ್ರ’ಕ್ಕೆ, ದೇವತೆಗಳ ಮೈಯಲ್ಲಿ ಹರಿಯುವ ದ್ರವವೆಂದು ಗ್ರೀಕರು ನಂಬಿದ್ದ ‘ಇಕೋರ್’ ಅನ್ನು ಸೇರಿಸಿ ಇದನ್ನು ಕಟ್ಟಿದರು. ಒಣಹವೆಯ ದಿನಗಳಲ್ಲಿ ಕಲ್ಲು ಮಣ್ಣು ಹೀರಿಟ್ಟುಕೊಂಡ ಎಣ್ಣೆಯಂಶ ತೇವ ತಾಗಿದೊಡನೆ ಹೊರಬರುತ್ತದೆ ಎಂಬುದು ಅವರ ವಿವರಣೆ. ಉತ್ತರ ಪ್ರದೇಶದ ಕನೌಜಿನ ಅತ್ತರುಗಾರರು ಈ ಹೆಸರು ಹುಟ್ಟುವ ಮೊದಲೇ, ಸುಟ್ಟ ಮಣ್ಣನ್ನು ನೀರಿನಲ್ಲಿ ಕುದಿಸಿ, ಅದರ ಹಬೆಯನ್ನು ಗಂಧದೆಣ್ಣೆಗೆ ಇಳಿಸಿ ಇದೇ ಪರಿಮಳವನ್ನು ಹಿಡಿಯುತ್ತಿದ್ದರು. ವಿಜ್ಞಾನದ ಲೇಖನದಲ್ಲಿ ನೀವು ‘ಪೆಟ್ರಿಕೋರ್’ ಎಂದೇ ಉಳಿಸಿಕೊಳ್ಳಿ. ಕಥೆ, ಕವಿತೆಗಳಲ್ಲಾದರೆ ‘ಮಣ್ಣಿನ ಘಮ’ ಎನ್ನಿ, ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.