ಹರಳಿಗೆ ಡ್ರಿಲ್ ಇಡುವ ಮೊದಲು ಇದನ್ನೊಮ್ಮೆ ಓದಿ

ಮಹಾರಾಷ್ಟ್ರದ ಜಳಗಾಂವ್‌ ಕಡೆಯ ಅಪೊಫಿಲೈಟ್ ಹರಳು ತರಿಸಿದ್ದೆ. ಪೆಂಡೆಂಟ್ ಮಾಡೋಣ ಅಂತ ತುದಿ ಹತ್ತಿರ ತೂತು ಕೊರೆದರೆ ತುದಿಯೇ ಹಾರಿಹೋಯಿತು. ಯಾವ ಬಿಟ್ ಬಳಸಬೇಕು?

ಯಾವ ಬಿಟ್ಟೂ ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ, ಎಲ್ಲರ ದೂರೂ ಬಿಟ್ ಮೇಲೆಯೇ. ಅಪೊಫಿಲೈಟ್ ಪದರವಾಗಿ ಸೀಳುವ ಕಲ್ಲು, ಆ ಪದರಗಳು ಹರಳಿನ ಉದ್ದಕ್ಕೆ ಅಡ್ಡವಾಗಿರುತ್ತವೆ. ನೀವು ಪಕ್ಕದಿಂದ ಕೊರೆದಾಗ ಎರಡು ಪದರದ ನಡುವೆ ಬೆಣೆ ಹೊಡೆದ ಹಾಗಾಯಿತು, ತುದಿ ಹಾರದೆ ಇನ್ನೇನಾಗುತ್ತದೆ? ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಇದರದ್ದು 4.5ರಿಂದ 5. ವಿಡಿಯೊಗಳಲ್ಲಿ ಸಲೀಸಾಗಿ ಕೊರೆಯುವುದು ಹೆಚ್ಚಾಗಿ ಸ್ಫಟಿಕವನ್ನು (ಕ್ವಾರ್ಟ್ಸ್). ಅದರ ಗಡಸು 7, ಇಂಥ ಸೀಳೂ ಅದಕ್ಕಿಲ್ಲ.

ತೂತಿನ ಬದಲು ಹರಳಿನ ಬುಡಕ್ಕೆ ಬೆಳ್ಳಿಯ ಟೋಪಿ ಹಾಕಿ, ತುದಿ ಕೆಳಗೆ ತೂಗಲಿ. ಟೋಪಿಗೆ ಕೊಂಡಿ ಬೆಸೆಯುವುದು, ಅರ ಹಾಕುವುದು, ಪಾಲಿಶ್ ಎಲ್ಲ ಮೊದಲೇ ಮುಗಿದಿರಬೇಕು. ಈ ಕಲ್ಲಿನೊಳಗೆ ನೀರಿನಂಶ ಇದೆ, ಬೆಸುಗೆಯ ಬೆಂಕಿ ತಾಗಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೊನೆಗೆ ಎಪಾಕ್ಸಿ ಅಂಟು ಹಚ್ಚಿ ಕೂರಿಸಿ, ಒಂದು ದಿನ ಮುಟ್ಟಬೇಡಿ (ಗೊತ್ತು, ಯಾರಿಗೂ ತಡೆಯೋಕಾಗಲ್ಲ). ಅಂಟು ಇಷ್ಟವಿಲ್ಲದಿದ್ದರೆ 0.8 ಮಿ.ಮೀ. ಮೆತ್ತನೆ ತಂತಿಯಲ್ಲಿ ಚೌಕಟ್ಟು ಮಾಡಿ, 0.4ರ ತಂತಿಯಿಂದ ಬಿಗಿಯಿರಿ. ಬೆರಳಿನಲ್ಲೇ ಬಾಗಿಸಿ. ಇಕ್ಕಳದಿಂದ ಕೊನೆಯ ಸುತ್ತನ್ನು ಇನ್ನೊಂಚೂರು ಎಳೆಯೋಣ ಅನ್ನಿಸುತ್ತದಲ್ವಾ, ಹರಳಿನ ಅಂಚು ಒಡೆಯುವುದು ಅಲ್ಲೇ. ಓಲೆ, ಪೆಂಡೆಂಟ್ ಸರಿ. ಉಂಗುರ ಮಾತ್ರ ಬೇಡ, ಮೊದಲ ಸಲ ಬಾಗಿಲಿಗೆ ತಾಗಿದಾಗಲೇ ಕಥೆ ಮುಗಿಯುತ್ತದೆ.

ಸ್ಫಟಿಕ, ಅಕೀಕನ್ನು (ಅಗೇಟ್) ನೀರಿಲ್ಲದೆ ಕೊರೆಯಬಹುದೇ?

ಕೂಡದು. ಗುಜರಾತಿನ ಖಂಭಾತ್‌ನಲ್ಲಿ ಅಕೀಕು ಉಜ್ಜುವವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂದಿರುವುದು ಇಂಥ ಕಲ್ಲಿನಿಂದ ಏಳುವ ದೂಳಿನಿಂದಲೇ. ಶ್ವಾಸಕೋಶಕ್ಕೆ ಒಮ್ಮೆ ಆದ ಹಾನಿ ವಾಪಸ್ ಹೋಗುವುದಿಲ್ಲ. ನೀರು ಹನಿಸುತ್ತಾ ಕೊರೆಯಿರಿ, ಮೆಷಿನ್ನಿನೊಳಗೆ ನೀರು ಹೋಗದಂತೆ ನೋಡಿಕೊಳ್ಳಿ. ಎನ್95 ಮಾಸ್ಕ್ ಹಾಕಿ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು.

ಯಾವ ರಾಶಿಗೆ ಯಾವ ಹರಳು ಹಾಕಿಕೊಡಬೇಕು?

ಗಿರಾಕಿಗೆ ಯಾವ ಬಣ್ಣ ಇಷ್ಟವೋ ಅದು.

ಮಲಾಕೈಟ್ ಪೆಂಡೆಂಟನ್ನು ಬೆಳ್ಳಿ ಸಮೇತ ಹುಣಸೆಹಣ್ಣಿನಲ್ಲಿ ತೊಳೆಯಬಹುದೇ? ಅದನ್ನು ನೀರಿನಲ್ಲಿ ನೆನೆಸಿ ಕುಡಿದರೆ ಒಳ್ಳೆಯದಂತೆ, ಹೌದೇ?

ಹುಳಿ ಬಿದ್ದರೆ ಮಲಾಕೈಟಿನ ಹೊಳಪು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇನ್ನು ಕುಡಿಯುವ ವಿಷಯ: ಅದು ತಾಮ್ರದ ಖನಿಜ ಕಣ್ರೀ! ಯಾರು ಹೇಳಿದರೋ ಅವರೇ ಮೊದಲು ಕುಡಿಯಲಿ ಅಂತ ಬರೆಯೋಣ ಅಂದ್ಕೊಂಡೆ, ಅವರೂ ಕುಡಿಯುವುದು ಬೇಡ.