ಎರೆ ಹೊಲದಲ್ಲಿ ಉಳದೆ ಕಡಲೆ ಬಿತ್ತನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೆಸರುಕಾಳಿನ ಬೆಳೆ ಕಿತ್ತ ಎರೆ (ಕಪ್ಪುಮಣ್ಣಿನ) ಹೊಲದಲ್ಲಿ ಕುಂಟೆ ಹೊಡೆಯದೆ, ಟ್ರ್ಯಾಕ್ಟರಿನ ಶೂನ್ಯ ಉಳುಮೆ ಕೂರಿಗೆಯಿಂದ ನೇರವಾಗಿ ಕಡಲೆ ಬಿತ್ತಿದೆವು. ನೆಲದಲ್ಲಿ ಒಳ್ಳೆಯ ಹಸಿ ಇತ್ತು. ಹತ್ತು ದಿನಕ್ಕೆ ಸಾಲಿನುದ್ದಕ್ಕೂ ನೆಲ ಬಿರಿದು ಬೀಜ ಕಾಣತೊಡಗಿತು. ಹುಟ್ಟಿದ್ದು ಅರ್ಧಕ್ಕಿಂತ ಕಡಿಮೆ. ತಪ್ಪು ಯಂತ್ರದ್ದೋ, ನಮ್ಮದೋ?
– ರೈತರು, ರೋಣ ತಾಲ್ಲೂಕು

ಉತ್ತರ: ‘ಒಳ್ಳೆಯ ಹಸಿ ಇತ್ತು’ ಎಂದು ಬರೆದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಹಸಿ ಹೆಚ್ಚಿರುವಾಗ ಎರೆ ಮಣ್ಣಿನಲ್ಲಿ ಕೂರಿಗೆಯ ತಾಳು (ನೆಲ ಸೀಳಿ ಸಾಲು ಬಿಡಿಸುವ ಮೊನೆ) ಹಾದುಹೋದರೆ ಸಾಲಿನ ಎರಡೂ ಮಗ್ಗುಲನ್ನು ಕರಣೆಯಿಂದ ಗಿಲಾಯಿ ಮಾಡಿದ ಹಾಗೆ ನುಣ್ಣಗೆ ಸವರಿಬಿಡುತ್ತದೆ. ಸವರಿದ ಮಣ್ಣು ಉದುರಿ ಬೀಜವನ್ನು ಮುಚ್ಚುವುದಿಲ್ಲ, ಎಳೆ ಬೇರಿಗೂ ದಾರಿ ಕೊಡುವುದಿಲ್ಲ. ಮುಂದೆ ನೆಲ ಒಣಗಿ ಕುಗ್ಗುವಾಗ ಬಿರುಕು ಬಿಡುವುದು ಎಲ್ಲಿ ಸಡಿಲವಿದೆಯೋ ಅಲ್ಲಿ, ಅಂದರೆ ನಿಮ್ಮ ಬಿತ್ತನೆ ಸಾಲಿನಲ್ಲೇ. ಕುಂಟೆ ಹೊಡೆದ ಹೊಲದಲ್ಲಿ ಮೇಲಿನ ಪುಡಿಮಣ್ಣು ಜಾರಿ ಬಿದ್ದು ಈ ತಪ್ಪನ್ನು ಮುಚ್ಚುತ್ತದೆ. ಉಳದ ಹೊಲದಲ್ಲಿ ಆ ಪುಡಿಯೇ ಇರುವುದಿಲ್ಲ.

ಹದ ನೋಡುವುದು ಹೀಗೆ. ಮೇಲ್ಮಣ್ಣನ್ನು ನೋಡಿ ನಿರ್ಧರಿಸಬೇಡಿ. ಬೀಜ ಬೀಳುವ ಆಳದಿಂದ, ಅಂದರೆ 6–7 ಸೆಂ.ಮೀ. ಕೆಳಗಿನಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಪೆನ್ಸಿಲ್ಲಿಗಿಂತ ಸಣ್ಣ ಎಳೆಯಾಗಿ ಹರಿಯದೆ ಉದ್ದ ಬಂದರೆ ಇನ್ನೂ ಹಸಿ ಹೆಚ್ಚು, ಕಾಯಿರಿ. ಉಂಡೆ ಕಟ್ಟಿ, ಎಳೆ ಮಾಡಹೊರಟರೆ ತುಂಡಾಗಿ ಉದುರಿದರೆ ಅದೇ ಹದ. ಉಂಡೆಯೇ ಕಟ್ಟದಿದ್ದರೆ ತಡವಾಗಿದೆ. ಆಗ ತಾಳು ಸಾಲು ಬಿಡಿಸುವ ಬದಲು ಹೆಂಟೆ ಎಬ್ಬಿಸುತ್ತದೆ. ಬಿಸಿಲಿದ್ದರೆ ಈ ಹದ ನಿಲ್ಲುವುದು ಕೆಲವೇ ದಿನ. ಆದ್ದರಿಂದ ಕೂರಿಗೆಯ ಅಳತೆ, ಬೀಜೋಪಚಾರ ಎಲ್ಲ ಮೊದಲೇ ಮುಗಿದಿರಲಿ.

ಯಂತ್ರದ ಕಡೆಗೂ ಒಮ್ಮೆ ನೋಡಿ. ತಟ್ಟೆಯ ಕೂರಿಗೆಗಿಂತ ತಲೆಕೆಳಗಾದ ‘ಟಿ’ ಆಕಾರದ ಕಿರಿದಾದ ತಾಳು ಎರೆಗೆ ಹೊಂದುತ್ತದೆ, ಏಕೆಂದರೆ ತಟ್ಟೆ ಮಣ್ಣನ್ನು ಪಕ್ಕಕ್ಕೆ ಒತ್ತಿ ಸವರುತ್ತದೆ, ತಾಳು ಕೆಳಗಿನಿಂದ ಎತ್ತಿ ಒಡೆಯುತ್ತದೆ. ತಾಳಿನ ತುದಿ ಸವೆದು ಮೊಂಡಾಗಿದ್ದರೆ ಅದೂ ಸವರತೊಡಗುತ್ತದೆ, ಹಂಗಾಮಿಗೆ ಮುಂಚೆಯೇ ಬದಲಿಸಿ. ವೇಗ ಗಂಟೆಗೆ 3–4 ಕಿ.ಮೀ. ಸಾಕು, ಓಡಿಸಿದರೆ ಕೂರಿಗೆ ಕುಣಿದು ಒಂದು ಬೀಜ ಆಳಕ್ಕೆ, ಇನ್ನೊಂದು ಮೇಲೆ ಬೀಳುತ್ತದೆ. ಸಾಲು ಮುಚ್ಚಲು ಹಿಂದೆ ಭಾರದ ಸರಪಳಿ ಅಥವಾ ಜಾಲಿಯ ಮುಳ್ಳುಕಂಟಿ ಕಟ್ಟಿ ಎಳೆಯಿರಿ. ಹಸಿ ಎರೆಯ ಮೇಲೆ ಭಾರದ ಉರುಳೆ ಮಾತ್ರ ಬೇಡ, ಮೇಲೆ ಹಪ್ಪಳದಂತೆ ಗಟ್ಟಿಯಾಗುತ್ತದೆ.

ಆಳದ ಬಗ್ಗೆ ಒಂದು ಮಾತು. ಕಡಲೆಯ ಬೇಳೆಗಳು ಮಣ್ಣಿನೊಳಗೇ ಉಳಿದು ಮೊಳಕೆಯಷ್ಟೇ ಮೇಲೆ ಬರುವುದರಿಂದ ಅದು 6–7 ಸೆಂ.ಮೀ. ಆಳದ ಹಸಿಯಿಂದಲೂ ಏಳುತ್ತದೆ. ಇದೇ ಆಳ ಸೋಯಾಬೀನಿಗೆ, ಹೆಸರಿಗೆ ಇಟ್ಟರೆ ಕೆಟ್ಟಿರಿ. ಅವು ಬೇಳೆಯನ್ನು ಹೊತ್ತುಕೊಂಡೇ ಮೇಲೆ ಬರಬೇಕು.

ಪ್ರಶ್ನೆ: ಎಕರೆಗೆ 25 ಕೆ.ಜಿ. ಬೀಜ ಬೀಳುವಂತೆ ಕೂರಿಗೆಯನ್ನು ಹೊಂದಿಸುವುದು ಹೇಗೆ? ಬಾಡಿಗೆಯ ಕೂರಿಗೆಯಲ್ಲಿ ಗುರುತುಗಳೆಲ್ಲ ಅಳಿಸಿವೆ.
– ರೈತ ಮಹಿಳೆ, ನವಲಗುಂದ ತಾಲ್ಲೂಕು

ಉತ್ತರ: ಗುರುತಿದ್ದರೂ ನಂಬಬೇಡಿ, ಬೀಜದ ಗಾತ್ರ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 9 ತಾಳು, ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇದ್ದರೆ ಒಂದು ಪಟ್ಟೆಯ ಅಗಲ 2.7 ಮೀಟರ್. ಈ ಅಗಲದಲ್ಲಿ ಎಕರೆಯ ನಲವತ್ತನೇ ಒಂದು ಪಾಲಿಗೆ ಸುಮಾರು 37.5 ಮೀಟರ್ ದೂರ ಹೋಗಬೇಕು. ಕೂರಿಗೆಯ ಗಾಲಿಯ ಸುತ್ತಳತೆಯನ್ನು ಹಗ್ಗದಿಂದ ಅಳೆಯಿರಿ, 1.5 ಮೀಟರ್ ಬಂದರೆ 25 ಸುತ್ತು. ಗಾಲಿ ನೆಲ ಬಿಡುವಂತೆ ಕೂರಿಗೆಯನ್ನು ಎತ್ತಿ, ಪ್ರತಿ ಕೊಳವೆಗೂ ಒಂದು ಚೀಲ ಕಟ್ಟಿ, 25 ಸುತ್ತು ತಿರುಗಿಸಿ. ಒಟ್ಟು 625 ಗ್ರಾಂ, ಒಂದೊಂದು ಚೀಲದಲ್ಲಿ 70 ಗ್ರಾಂ ಆಸುಪಾಸು ಬರಬೇಕು. ಒಂದೇ ಚೀಲದಲ್ಲಿ ಕಡಿಮೆ ಬಂದರೆ ಆ ಕೊಳವೆಯಲ್ಲಿ ಮಣ್ಣೋ ಜೇಡರ ಬಲೆಯೋ ಕಟ್ಟಿರುತ್ತದೆ.

ಹೊಲದಲ್ಲೂ ಪರೀಕ್ಷಿಸಿ. ಹತ್ತು ಹೆಜ್ಜೆ ಓಡಿಸಿ ನಿಲ್ಲಿಸಿ, ಒಂದು ಮೀಟರ್ ಸಾಲನ್ನು ಕಳೆ ಕೀಳುವ ಕುರ್ಚಿಗೆಯಿಂದ ಮೆಲ್ಲಗೆ ಕೆದಕಿ. ಜೆಜಿ-11 ಕಡಲೆ ತಳಿಯಂಥ ಗಾತ್ರದ ಬೀಜವಾದರೆ ಸುಮಾರು 8 ಕಾಳು ಸಿಗಬೇಕು. ಗೊಬ್ಬರದ ಪೆಟ್ಟಿಗೆಯನ್ನೂ ಹೀಗೇ ಅಳೆಯಿರಿ. ಮಳೆಯಾಶ್ರಿತ ಕಡಲೆಗೆ ಎಕರೆಗೆ 20–25 ಕೆ.ಜಿ. ಡಿಎಪಿ ಸಾಕು. ಅದು ಬೀಜಕ್ಕೆ ತಾಗದಂತೆ ಬೀಳಲಿ.

ಪ್ರಶ್ನೆ: ಕಾಲುವೆಯ ಎರಡನೇ ಬೆಳೆಗೆ ನೀರು ಸಿಗದು. ಕಂಬೈನಿನಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಹುಲ್ಲು ಸುಡದೆ ಕಡಲೆ ಬಿತ್ತಬಹುದೇ? ತಾಳಿಗೆ ಹುಲ್ಲು ಸುತ್ತಿಕೊಳ್ಳುತ್ತದೆ.
– ರೈತರು, ಸಿಂಧನೂರು ತಾಲ್ಲೂಕು

ಉತ್ತರ: ಬಿತ್ತಬಹುದು, ಸುಡಲೇಬೇಡಿ. ಸುತ್ತಿಕೊಳ್ಳುವುದು ನಿಂತ ಕೂಳೆಯಲ್ಲ, ಕಂಬೈನ್ ಹಿಂದೆ ಸಾಲಾಗಿ ಬಿದ್ದ ಬಿಡಿ ಹುಲ್ಲು. ಅದನ್ನು ದನಕ್ಕೆ ಎತ್ತಿಕೊಳ್ಳಿ, ಇಲ್ಲವೇ ತೆಳ್ಳಗೆ ಹರಡಿ. ಕೂಳೆ ನಿಂತೇ ಇರಲಿ. ಬೆಳಗಿನ ಇಬ್ಬನಿಗೆ ಮೆತ್ತಗಾದ ಹುಲ್ಲು ಹರಿಯದೆ ತಾಳಿಗೆ ಜೋತುಬೀಳುತ್ತದೆ, ಆದ್ದರಿಂದ ಬಿಸಿಲು ಏರಿದ ಮೇಲೆ ಕೂರಿಗೆ ಇಳಿಸಿ.

ಹೆಚ್ಚು ನಷ್ಟವಾಗುವುದು ಕಂಬೈನಿನ ಗಾಲಿ ಹೂತ ಜಾಡಿನಲ್ಲಿ. ಅಲ್ಲಿ ತಾಳು ತೇಲಿ ಬೀಜ ಮೇಲೆಯೇ ಉಳಿಯುತ್ತದೆ. ಕೊಯ್ಲಿಗೆ 15 ದಿನ ಮೊದಲೇ ನೀರು ಬಸಿದರೆ ಜಾಡು ಅಷ್ಟು ಆಳವಾಗದು. ಇನ್ನೊಂದು ಭಯ ಬುಡಕೊಳೆ ರೋಗದ್ದು: ಕೊಳೆಯದ ಹುಲ್ಲು, ಜೊತೆಗೆ ಹಸಿ ಇದ್ದಲ್ಲಿ ಸಸಿ ಹಳದಿಯಾಗಿ ಬಾಗುತ್ತದೆ, ಬುಡದಲ್ಲಿ ಬಿಳಿ ಬೂಷ್ಟು, ಸಾಸಿವೆಯಂಥ ಗುಂಡುಗಳು ಕಾಣುತ್ತವೆ. ಬಿತ್ತುವ ಮುನ್ನ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಲೇಪಿಸಿ.

ಪ್ರಶ್ನೆ: ಉಳುಮೆ ಬಿಟ್ಟರೆ ಕಳೆ ಏನು ಮಾಡುವುದು? ಒಂದು ಮಗ್ಗುಲಲ್ಲಿ ಗರಿಕೆ ಇದೆ.
– ರೈತರು, ಬಾದಾಮಿ ತಾಲ್ಲೂಕು

ಉತ್ತರ: ಗರಿಕೆ ಇರುವ ಮಗ್ಗುಲಲ್ಲಿ ಈ ವರ್ಷ ಬೇಡ. ಬೇಸಿಗೆಯಲ್ಲಿ ಒಮ್ಮೆ ಆಳವಾಗಿ ಉತ್ತು, ಬೇರು ಆರಿಸಿ, ಬಿಸಿಲಿಗೆ ಒಣಗಿಸಿ ಆಮೇಲೆ ಶುರುಮಾಡಿ. ಉಳಿದ ಕಡೆ ಬಿತ್ತಿದ ಎರಡು ದಿನದೊಳಗೆ ಪೆಂಡಿಮೆಥಾಲಿನ್ 30 ಇಸಿ ಕಳೆನಾಶಕವನ್ನು ಎಕರೆಗೆ 1.3 ಲೀಟರಿನಂತೆ ಸಿಂಪಡಿಸಿ. ಹುಲ್ಲಿನ ಹೊದಿಕೆ ಇದ್ದರೆ ನೀರು 300 ಲೀಟರ್ ಇರಲಿ. ಮೇಲ್ಮಣ್ಣು ಪೂರ್ತಿ ಒಣಗಿದ್ದರೆ ಇದು ಕೆಲಸ ಮಾಡದು, ಹಣ ದಂಡ. ಬಿತ್ತನೆಗೆ ಮುಂಚೆ ಎದ್ದ ಕಳೆಗೆ ಪ್ಯಾರಾಕ್ವಾಟ್ ಕಳೆನಾಶಕ ಬಳಸುವುದನ್ನು ನಾವು ಹೇಳುವುದಿಲ್ಲ, ಅದು ಹೊಟ್ಟೆಗೆ ಹೋದರೆ ಮದ್ದಿಲ್ಲ. ಕೈಯಿಂದ ಕೀಳಿಸಿ.

25–30 ದಿನಕ್ಕೆ ಒಂದು ಎಡೆಕುಂಟೆ ಹೊಡೆದರೆ ಉಳುಮೆರಹಿತ ಪದ್ಧತಿ ಕೆಟ್ಟಿತೆಂದು ಹೆದರಬೇಡಿ. 3 ಸೆಂ.ಮೀ.ಗಿಂತ ಆಳಕ್ಕೆ ಇಳಿಸದಿದ್ದರೆ ಕಳೆಯೂ ಹೋಗುತ್ತದೆ, ಬಿರುಕಿನ ಬಾಯಿಗೂ ಪುಡಿಮಣ್ಣು ಬೀಳುತ್ತದೆ.