ಮಳೆಗಾಲ, ಹಳೆ ಬೈಕು, ಇಳಿಯುವ ಬ್ಯಾಟರಿ

ಪ್ರಶ್ನೆ: ಎರಡು ವರ್ಷ ಓಡಿದ ಬೈಕ್ ಕೊಂಡೆ. ಮಳೆ ಹಿಡಿದ ಮೇಲೆ ಸೆಲ್ಫ್ ಎತ್ತುವುದಿಲ್ಲ. ಹೊಸ ಬ್ಯಾಟರಿಯೂ ಎಂಟು ದಿನಕ್ಕೆ ಇಳಿಯಿತು. ಕಂಪನಿ ವಾರಂಟಿ ಇನ್ನೂ ಇದೆ. ನನಗೆ ಸಿಗುತ್ತದಾ?
– ಓದುಗರು, ನಾಪೋಕ್ಲು

ಉತ್ತರ: ದಯವಿಟ್ಟು ಸುಮ್ನೆ ಇನ್ನೊಂದು ಬ್ಯಾಟರಿ ಕೊಳ್ಳಬೇಡಿ. ಭಾಗಮಂಡಲದ ಮಳೆಯಲ್ಲಿ ನನ್ನ ಬೈಕಿಗೂ ಇದೇ ಆಗಿತ್ತು. ಮೂರು ವಾರ ಪರದಾಡಿದೆ. ಕೊನೆಗೆ ರೆಕ್ಟಿಫೈಯರ್ (ಬ್ಯಾಟರಿಗೆ ಹೋಗುವ ಕರೆಂಟನ್ನು ಹದ ಮಾಡುವ ಭಾಗ) ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್, ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು!

ಬ್ಯಾಟರಿಗೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಸಾಧನ) ಹಿಡಿದು ನೋಡಿ. ಎಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ 13.5ರಿಂದ 14.5. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ ಎಂದೇ ಅರ್ಥ. ಸ್ಟೇಟರ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಸುರುಳಿ), ರೆಕ್ಟಿಫೈಯರ್ ಅಥವಾ ನಡುವಿನ ಕಪ್ಲರ್ ನೋಡಿಸಿ. 15 ದಾಟಿದರೆ ರೆಕ್ಟಿಫೈಯರ್ ಮೇಲೆಯೇ ಅನುಮಾನ.

ಮಾಲೀಕರು ಬದಲಾದರೂ ವಾರಂಟಿ ಎಷ್ಟೋ ಕಂಪನಿಗಳಲ್ಲಿ ಗಾಡಿಯ ಜೊತೆಗೇ ಬರುತ್ತದೆ. ಪುಸ್ತಕದ ಷರತ್ತು ಓದಿ. ಆರ್‌ಸಿ ನಿಮ್ಮ ಹೆಸರಿಗಿರಲಿ, ಹಿಂದಿನವರ ಸರ್ವಿಸ್ ಬಿಲ್ ಕೇಳಿ ತೆಗೆದುಕೊಳ್ಳಿ. ಮಂಜಿಗೆಂದು ಯಾರೋ ವೈರ್ ಕತ್ತರಿಸಿ ಫಾಗ್ ಲೈಟ್ ಹಾಕಿದ್ದಾರಾ? ಕ್ಲೇಮ್ ಜಾಸ್ತಿ ತಿರಸ್ಕಾರವಾಗುವುದು ಅಲ್ಲೇ. ದೂರನ್ನು ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ (ಕೆಲಸದ ಚೀಟಿ) ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅವರು ವಾರಂಟಿ ಕೊಡಲ್ಲ ಅಂದರೆ ಕಾರಣವನ್ನು ಬರಹದಲ್ಲೇ ಕೇಳಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.